ಖಾಲಿ ಹೊಟ್ಟೆ ಅಂದರೆ ಎಷ್ಟು ಖಾಲಿ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆಸ್ಪತ್ರೆಯ ಬಾಗಿಲಿನ ಆಚೀಚೆಯವು. ಪರೀಕ್ಷೆಗೆ ಹೋಗುವ ಮುಂಚೆ ಏನು ತಿನ್ನಬೇಕು, ಮನೆಗೆ ಬಂದ ಮೇಲೆ ಯಾವುದಕ್ಕೆ ಹೆದರಬೇಕು, ಯಾವುದನ್ನು ಸಹಿಸಿಕೊಂಡರೆ ಸಾಕು ಎಂಬಂಥವು. ಇಲ್ಲಿನ ಉತ್ತರಗಳು ಸಾಮಾನ್ಯವಾಗಿ ಎಲ್ಲರಿಗೂ ಹೊಂದುವಂಥವು. ನಿಮ್ಮನ್ನು ನೋಡಿದ ವೈದ್ಯರು ಬೇರೆ ಹೇಳಿದ್ದರೆ ಅವರ ಮಾತೇ ನಡೆಯಲಿ.

ಪ್ರಶ್ನೆ: ನನಗೆ 58 ವರ್ಷ, ಸಕ್ಕರೆ ಕಾಯಿಲೆ ಇದೆ. ಲ್ಯಾಬಿನವರು ‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಅನ್ನುತ್ತಾರೆ. ಸಕ್ಕರೆ ಹಾಕದ ಅರ್ಧ ಲೋಟ ಕಾಫಿ ಕುಡಿದರೆ ತಪ್ಪೇ? ಮಾತ್ರೆ ತೆಗೆದುಕೊಂಡು ಹೋಗಬೇಕೋ, ಬೇಡವೋ?
— ಓದುಗರು, ತುಮಕೂರು

ಕಾಫಿ ಬೇಡ. ನೀವು ಸಕ್ಕರೆ ಹಾಕದಿದ್ದರೂ ಹಾಲಿನಲ್ಲಿ ಅದರದ್ದೇ ಸಕ್ಕರೆ ಇರುತ್ತದೆ. ಹಾಲಿಲ್ಲದ ಕಾಫಿಯೂ ಕೆಲವರಲ್ಲಿ ಅಂಕಿಯನ್ನು ಮೇಲಕ್ಕೆ ತಳ್ಳುತ್ತದೆ. ನೀರು ಮಾತ್ರ ಧಾರಾಳವಾಗಿ ಕುಡಿಯಿರಿ. ‘ಖಾಲಿ ಹೊಟ್ಟೆ’ ಎಂದೊಡನೆ ನೀರನ್ನೂ ಬಿಟ್ಟು ಬರುವವರಿಗೆ ನರ ಸಿಗದೆ ಎರಡು ಮೂರು ಕಡೆ ಚುಚ್ಚಿಸಿಕೊಳ್ಳುವ ಪಾಡು. ಊಟಕ್ಕೂ ರಕ್ತ ಕೊಡುವುದಕ್ಕೂ ನಡುವೆ 8ರಿಂದ 10 ಗಂಟೆ ಇದ್ದರೆ ಸಾಕು. ಸಂಜೆ 7ಕ್ಕೆ ಉಂಡು ಮರುದಿನ 11ಕ್ಕೆ ಹೋಗುವಷ್ಟು ಉಪವಾಸ ಬೇಡ.

ಬಿಪಿ ಮಾತ್ರೆಯನ್ನು ನೀರಿನ ಜೊತೆ ಬೆಳಿಗ್ಗೆ ಎಂದಿನಂತೆ ನುಂಗಬಹುದು. ಸಕ್ಕರೆಯ ಮಾತ್ರೆ, ಇನ್ಸುಲಿನ್ ಮೊದಲ ರಕ್ತ ಕೊಟ್ಟ ಮೇಲೆ, ತಿಂಡಿಯ ಹೊತ್ತಿಗೆ. ಅದನ್ನು ಬಿಟ್ಟುಬಿಡುವ ಹಾಗಿಲ್ಲ. ತಿಂಡಿ ಶುರುಮಾಡಿದ ಎರಡು ಗಂಟೆಗೆ ಮಾಡುವ ಎರಡನೆಯ ರಕ್ತ ಪರೀಕ್ಷೆ ಇರುವುದೇ ನಿಮ್ಮ ಎಂದಿನ ತಿಂಡಿಯ ಮೇಲೆ ನಿಮ್ಮ ಎಂದಿನ ಮಾತ್ರೆ ಹೇಗೆ ಕೆಲಸ ಮಾಡುತ್ತಿದೆ ಎಂದು ನೋಡುವುದಕ್ಕೆ. ದಿನಾ ನಾಲ್ಕು ದೋಸೆ ತಿನ್ನುವವರು ಅಂದು ಮಾತ್ರ ಎರಡು ಇಡ್ಲಿ ತಿಂದು ಬಂದರೆ ಮೋಸ ಹೋಗುವವರು ಯಾರೆಂದು ಹೇಳಬೇಕಿಲ್ಲ. ಎರಡು ಗಂಟೆಯ ಲೆಕ್ಕ ಶುರುವಾಗುವುದು ಮೊದಲ ತುತ್ತಿನಿಂದ, ಕೈ ತೊಳೆದಾಗಿನಿಂದಲ್ಲ.

ಎಚ್‌ಬಿಎ1ಸಿ ಪರೀಕ್ಷೆಗೆ ಉಪವಾಸವೇ ಬೇಡ. ಅದು ರಕ್ತದ ಸಕ್ಕರೆಯ ಹೆಚ್ಚುಕಡಿಮೆ ಮೂರು ತಿಂಗಳ ಸರಾಸರಿ. ಆದರೆ ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಅಥವಾ ತೀವ್ರ ರಕ್ತಹೀನತೆ ಇದ್ದರೆ ಆ ಅಂಕಿಯನ್ನು ನಂಬುವಂತಿಲ್ಲ, ಮೊದಲೇ ಹೇಳಿ. ಥೈರಾಯ್ಡ್ ಮಾತ್ರೆ ನುಂಗುವವರು ಅಂದಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಲಿ. ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಎರಡು ಮೂರು ದಿನ ಮುಂಚೆಯೇ ನಿಲ್ಲಿಸಬೇಕು. ಕೆಲವು ಲ್ಯಾಬ್ ಯಂತ್ರಗಳಲ್ಲಿ ಅದು ಥೈರಾಯ್ಡ್ ವರದಿಯನ್ನೇ ತಲೆಕೆಳಗು ಮಾಡುತ್ತದೆ.

ಪ್ರಶ್ನೆ: ಕೊಳವೆ ತೂರಿಸಿ ದೊಡ್ಡ ಕರುಳನ್ನು ನೋಡುವ ಕೊಲೊನೋಸ್ಕೋಪಿಗೆ ಹೋಗಿದ್ದೆ. ಪುಡಿ ಕಲಸಿ ಕುಡಿದಿದ್ದರೂ ‘ಹೊಟ್ಟೆ ಸ್ವಚ್ಛವಾಗಿಲ್ಲ, ಮತ್ತೆ ಬನ್ನಿ’ ಎಂದು ವಾಪಸ್ ಕಳಿಸಿದರು. ಎಲ್ಲಿ ತಪ್ಪಾಯಿತು?
— ಓದುಗರು, ದಾವಣಗೆರೆ

ತಪ್ಪು ಸಾಮಾನ್ಯವಾಗಿ ಮೂರು ಕಡೆ ಆಗಿರುತ್ತದೆ: ಹಿಂದಿನ ದಿನಗಳ ಊಟದಲ್ಲಿ, ಪುಡಿ ಕಲಸಿದ ಅಳತೆಯಲ್ಲಿ, ಕುಡಿದ ಹೊತ್ತಿನಲ್ಲಿ.

ಊಟದಿಂದ ಶುರುಮಾಡೋಣ. ಪುಡಿ ಮಲವನ್ನು ತೊಳೆದುಕೊಂಡು ಹೋಗುತ್ತದೆ, ನಿಜ. ಆದರೆ ಟೊಮೆಟೊ, ಸೀಬೆ, ಸೌತೆಯ ಬೀಜ, ಸೊಪ್ಪಿನ ನಾರು, ರಾಗಿ ಮತ್ತು ಜೋಳದ ತೌಡು, ಒಗ್ಗರಣೆಯ ಸಾಸಿವೆ ಕರುಳಿನ ಮಡಿಕೆಗಳಲ್ಲಿ ಕೂತುಬಿಡುತ್ತವೆ. ಅವನ್ನು ಹೀರಿ ತೆಗೆಯಲು ಕೊಳವೆಯೊಳಗೆ ಇರುವ ದಾರಿಯ ಅಗಲ 4 ಮಿಲಿಮೀಟರಿಗೂ ಕಡಿಮೆ. ನಾಲ್ಕು ಬೀಜ ಸಿಕ್ಕಿಕೊಂಡರೆ ಅದು ಕಟ್ಟಿಕೊಳ್ಳುತ್ತದೆ, ವೈದ್ಯರಿಗೆ ಮುಂದೆ ಹೋಗಲಾಗುವುದಿಲ್ಲ. ಆದ್ದರಿಂದ ಪರೀಕ್ಷೆಗೆ ಎರಡು ಮೂರು ದಿನ ಮುಂಚಿನಿಂದ ಬಿಳಿ ಅನ್ನ, ಮೊಸರು, ಬರೀ ಇಡ್ಲಿ, ರವೆ ಗಂಜಿ, ಸಿಪ್ಪೆ ತೆಗೆದ ಆಲೂಗಡ್ಡೆ, ಮೊಟ್ಟೆ, ಸೋಸಿದ ಬೇಳೆಕಟ್ಟು ಇಷ್ಟೇ ಇರಲಿ. ನಿಮ್ಮ ಊರಿನ ಮಂಡಕ್ಕಿ ಹಗುರ ಅನ್ನಿಸಬಹುದು. ಅದರೊಳಗಿನ ಈರುಳ್ಳಿ, ಶೇಂಗಾ, ಕೊತ್ತಂಬರಿ ಹಗುರವಲ್ಲ.

ಹಿಂದಿನ ದಿನ ಬೆಳಿಗ್ಗೆ ಸ್ವಲ್ಪ ತಿಂಡಿ, ಆಮೇಲೆ ತಿಳಿಯಾದ ಪಾನೀಯ ಮಾತ್ರ. ತಿಳಿ ಅಂದರೆ, ಗಾಜಿನ ಲೋಟದ ಹಿಂದೆ ಪತ್ರಿಕೆ ಹಿಡಿದರೆ ಅಕ್ಷರ ಓದಲು ಬರಬೇಕು. ಎಳನೀರು, ಸೋಸಿದ ನಿಂಬೆ ಪಾನಕ, ಹಾಲಿಲ್ಲದ ಚಹಾ ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಹಾಲು, ಮಜ್ಜಿಗೆ, ರಾಗಿ ಅಂಬಲಿ ಆಗುವುದಿಲ್ಲ. ಬೀಟ್ರೂಟ್, ದ್ರಾಕ್ಷಿ, ಪುನರ್ಪುಳಿಯಂಥ ಕೆಂಪು-ನೇರಳೆ ಬಣ್ಣದವೂ ಬೇಡ, ಕರುಳಿನೊಳಗೆ ಅವು ರಕ್ತದಂತೆ ಕಾಣುತ್ತವೆ.

ಇನ್ನು ಪುಡಿ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಪಾಲಿಎಥಿಲೀನ್ ಗ್ಲೈಕಾಲ್ ಪೊಟ್ಟಣ 137.15 ಗ್ರಾಂನದು, ಅದನ್ನು ಕಲಸಬೇಕಾದ್ದು ಸರಿಯಾಗಿ 2 ಲೀಟರ್ ನೀರಿಗೆ. ಕುಡಿಯಲಾಗದೆಂದು 1 ಲೀಟರಿಗೇ ಕಲಸುವವರಿದ್ದಾರೆ. ಕರುಳನ್ನು ತೊಳೆಯುವುದು ಆ ನೀರಿನ ಪ್ರಮಾಣವೇ ಆದ್ದರಿಂದ ಗಟ್ಟಿಯಾಗಿ ಕಲಸಿದರೆ ಕೆಲಸ ಅರ್ಧ, ವಾಂತಿ ಎರಡರಷ್ಟು. ಕಾಲು ಲೀಟರಿನ ಒಂದು ಲೋಟವನ್ನು 10–15 ನಿಮಿಷಕ್ಕೊಮ್ಮೆ ಮುಗಿಸುತ್ತ ಬನ್ನಿ. ಫ್ರಿಜ್‌ನಲ್ಲಿ ತಣ್ಣಗೆ ಮಾಡಿ, ನಾಲ್ಕು ಹನಿ ನಿಂಬೆರಸ ಹಿಂಡಿದರೆ ಉಪ್ಪುಪ್ಪಿನ ರುಚಿ ಮರೆಯಾಗುತ್ತದೆ. ಓಕರಿಕೆ ಬಂದರೆ ಅರ್ಧ ಗಂಟೆ ಬಿಟ್ಟು ಮುಂದುವರಿಸಿ. ದಿನವಿಡೀ ಗುಟುಕು ಗುಟುಕಾಗಿ ಹೀರಿದರೆ ಅದು ಮೂತ್ರವಾಗಿ ಹೋಗದಿದ್ದರೂ ಕರುಳನ್ನು ರಭಸದಿಂದ ತೊಳೆಯುವುದಿಲ್ಲ.

ಎಲ್ಲವನ್ನೂ ಹಿಂದಿನ ಸಂಜೆಯೇ ಕುಡಿದು ಮಲಗಿದ್ದಿರಾ? ಹಾಗಿದ್ದರೆ ಬಹುಶಃ ಅಲ್ಲೇ ಎಡವಟ್ಟಾಗಿದೆ. ರಾತ್ರಿಯೆಲ್ಲ ಸಣ್ಣ ಕರುಳಿನ ರಸ ಇಳಿದು ದೊಡ್ಡ ಕರುಳಿನ ಬಲಭಾಗಕ್ಕೆ ಲೇಪದಂತೆ ಅಂಟಿಕೊಳ್ಳುತ್ತದೆ. ಅದಕ್ಕೇ ಈಗ ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಗೆ 4–6 ಗಂಟೆ ಮುಂಚೆ ಎಂದು ಹೇಳುತ್ತಾರೆ. ಬೆಳಿಗ್ಗೆ 8ಕ್ಕೆ ಸಮಯ ಕೊಟ್ಟಿದ್ದರೆ 3ಕ್ಕೇ ಎದ್ದು ಕೂರಬೇಕು, ಬೇರೆ ದಾರಿಯಿಲ್ಲ. ಅರಿವಳಿಕೆ ಇರುವುದರಿಂದ ಕೊನೆಯ ಗುಟುಕು ಎಷ್ಟು ಹೊತ್ತಿಗೆ ಎಂಬುದನ್ನು ಆಸ್ಪತ್ರೆಯವರಿಂದಲೇ ಕೇಳಿ ಬರೆದಿಟ್ಟುಕೊಳ್ಳಿ. ಕೊನೆಗೆ ಹೋಗುವುದು ಮೂತ್ರದಂತೆ ತಿಳಿ ಹಳದಿಯಾಗಿ, ಚೂರುಗಳಿಲ್ಲದೆ ಇರಬೇಕು. ಕಂದು ಬಣ್ಣ ಇನ್ನೂ ಇದ್ದರೆ ಬಸ್ ಹತ್ತುವ ಮುಂಚೆ ಫೋನ್ ಮಾಡಿ ಕೇಳಿ.

ಕಬ್ಬಿಣಾಂಶದ ಮಾತ್ರೆಯನ್ನು 5–7 ದಿನ ಮುಂಚೆ ನಿಲ್ಲಿಸಬೇಕು, ಅದು ಮಲವನ್ನು ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಮಾಡುತ್ತದೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಕೇಳಿ. ಸಕ್ಕರೆಯ ಮಾತ್ರೆಗಳಲ್ಲಿ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇದ್ದರೆ ಸುಮಾರು 3 ದಿನ ಮುಂಚೆ ಬಿಡಿಸುತ್ತಾರೆ. ಉಪವಾಸದಲ್ಲಿ ಅವು ರಕ್ತವನ್ನು ಆಮ್ಲೀಯ ಮಾಡುವ ಅಪಾಯವಿದೆ. ಇದನ್ನು ಕೊಲೊನೋಸ್ಕೋಪಿಯ ಚೀಟಿ ಕೊಡುವವರು ಕೇಳದೇ ಇರಬಹುದು. ನೀವೇ ಮಾತ್ರೆಯ ಪಟ್ಟಿ ತೋರಿಸಿ.

ಪರೀಕ್ಷೆಯ ನಂತರ ಹೊಟ್ಟೆ ಉಬ್ಬರ ಕೆಲವು ಗಂಟೆ ಇರುತ್ತದೆ, ಓಡಾಡಿದರೆ ಇಳಿಯುತ್ತದೆ. 24 ಗಂಟೆ ಗಾಡಿ ಓಡಿಸುವುದು, ಕಾಗದಪತ್ರಕ್ಕೆ ಸಹಿ ಹಾಕುವುದು ಬೇಡ. ಗಂಟು ತೆಗೆದಿದ್ದರೆ ಎರಡು ವಾರದವರೆಗೂ ರಕ್ತ ಹೋಗುವ ಸಾಧ್ಯತೆ ಇರುವುದರಿಂದ ದೂರದ ಯಾತ್ರೆ ಮುಂದೂಡಿ. ಜೋರು ಹೊಟ್ಟೆನೋವು, ಜ್ವರ, ಗಡ್ಡೆಗಡ್ಡೆಯಾಗಿ ರಕ್ತ ಕಂಡರೆ ತಕ್ಷಣ ಹೋಗಿ.

ಪ್ರಶ್ನೆ: ಸೊಂಟದ ಎಂಆರ್‌ಐ ಮಾಡಿಸಬೇಕಿದೆ. ಕಾಲುಂಗುರ, ಮಾಂಗಲ್ಯ ತೆಗೆಯಲೇಬೇಕೆ?
— ಗೃಹಿಣಿ, ಶಿರಸಿ

ಚಿನ್ನ, ಬೆಳ್ಳಿಯನ್ನು ಅಯಸ್ಕಾಂತ ಎಳೆಯುವುದಿಲ್ಲ. ತೊಂದರೆ ಕೊಡುವುದು ಸರದ ಕೊಂಡಿಯೊಳಗಿನ ಸಣ್ಣ ಸ್ಪ್ರಿಂಗ್ ಮತ್ತು ಮಾಂಗಲ್ಯಕ್ಕೆ, ಬಳೆಗೆ ಸಿಕ್ಕಿಸಿಕೊಂಡ ಪಿನ್ನುಗಳು. ಸಾಮಾನ್ಯ 1.5 ಟೆಸ್ಲಾ ಯಂತ್ರದ ಬಲ ಭೂಮಿಯ ಕಾಂತಬಲದ ಸುಮಾರು 30 ಸಾವಿರ ಪಟ್ಟು. ಪರೀಕ್ಷೆ ನಡೆಯದಿದ್ದಾಗಲೂ ಅದು ಆರುವುದಿಲ್ಲ. ಪಿನ್ನು ಬಾಣದಂತೆ ಹಾರುತ್ತದೆ. ಜೊತೆಗೆ, ಯಾವುದೇ ಲೋಹ ಮೈಮೇಲೆ ಬಿಸಿಯಾಗಬಹುದು, ಹತ್ತಿರದ ಭಾಗದ ಚಿತ್ರ ಕೆಡಬಹುದು. ಹಾಗಾಗಿ ಎಲ್ಲ ತೆಗೆಯಿರಿ ಅನ್ನುತ್ತಾರೆ. ಕೊರಳು ಬರಿದಾಗಬಾರದು ಎಂದಿದ್ದರೆ ಅರಿಸಿನ ಕೊಂಬು ಕಟ್ಟಿದ ದಾರಕ್ಕೆ ಯಂತ್ರದ ಅಡ್ಡಿಯೇನೂ ಇಲ್ಲ. ಬಿಗಿಯಾದ ಕಾಲುಂಗುರವನ್ನು ಹಿಂದಿನ ರಾತ್ರಿಯೇ ಸೋಪು ನೀರು ಅಥವಾ ಕೊಬ್ಬರಿ ಎಣ್ಣೆ ಹಚ್ಚಿ ತೆಗೆದಿಡಿ. ಬಾರದೇ ಹೋದರೆ ಯಂತ್ರದ ಕೋಣೆಗೆ ಹೋಗುವ ಮೊದಲೇ ಹೇಳಿ. ಪೇಸ್‌ಮೇಕರ್, ಕಿವಿಯೊಳಗೆ ಕೂರಿಸಿದ ಯಂತ್ರ, ಮಿದುಳಿನ ಕ್ಲಿಪ್ ಇದ್ದವರು ಸಮಯ ಗೊತ್ತುಮಾಡುವಾಗಲೇ ತಿಳಿಸಬೇಕು. ಒಳಗೆ 20ರಿಂದ 45 ನಿಮಿಷ, ಡಬಡಬ ಸದ್ದು. ಕೈಗೆ ಕೊಡುವ ರಬ್ಬರ್ ಬುಗ್ಗೆ ಅದುಮಿದರೆ ಅವರು ನಿಲ್ಲಿಸುತ್ತಾರೆ.

ಪ್ರಶ್ನೆ: ತಮ್ಮನಿಗೆ ಕಿಡ್ನಿ ಕಲ್ಲಿನ ಆಪರೇಷನ್ ಆಗಿ ಹತ್ತು ದಿನ. ಒಳಗೆ ಸ್ಟೆಂಟ್ ಇಟ್ಟಿದ್ದಾರಂತೆ. ಮೂತ್ರ ಮಾಡುವಾಗ ಪಕ್ಕೆ ಹಿಡಿದ ಹಾಗೆ ನೋವು, ಬೈಕ್ ಓಡಿಸಿದರೆ ಮೂತ್ರ ಕೆಂಪು. ಆಪರೇಷನ್ ಸರಿಯಾಗಿಲ್ಲವೇ? ಬಾಳೆದಿಂಡಿನ ರಸ ಕೊಡಬಹುದೇ?
— ಓದುಗರು, ಕಲಬುರಗಿ

ಆಪರೇಷನ್ ಸರಿಯಾಗಿಯೇ ಆಗಿರಬೇಕು. ನೀವು ಹೇಳಿದ್ದೆಲ್ಲ ಸ್ಟೆಂಟಿನ ಕಾಟ. ಡಿಜೆ ಸ್ಟೆಂಟ್ ಎಂದರೆ 24–26 ಸೆಂಟಿಮೀಟರ್ ಉದ್ದದ, ಸುಮಾರು 2 ಮಿಲಿಮೀಟರ್ ದಪ್ಪದ ಮೆತ್ತನೆಯ ಪ್ಲಾಸ್ಟಿಕ್ ನಳಿಗೆ. ಎರಡು ತುದಿಯೂ ಹಂದಿಬಾಲದಂತೆ ಸುರುಳಿ. ಒಂದು ಕಿಡ್ನಿಯೊಳಗೆ, ಇನ್ನೊಂದು ಮೂತ್ರಕೋಶದೊಳಗೆ ಕೂತಿರುತ್ತದೆ. ಲೇಸರ್‌ನಿಂದ ಕಲ್ಲು ಪುಡಿ ಮಾಡಿದ ಮೇಲೆ ನಡುವಿನ ನಾಳ ಬಾತುಕೊಳ್ಳುತ್ತದೆ, ಪುಡಿಯೂ ಅಡ್ಡಗಟ್ಟಬಹುದು. ಆಗಲೂ ಮೂತ್ರ ಇಳಿಯಲಿ ಎಂದು ಇದನ್ನು ಇಡುತ್ತಾರೆ.

ಸ್ಟೆಂಟ್ ಇಲ್ಲದಾಗ ಮೂತ್ರಕೋಶದಿಂದ ಹಿಂದಕ್ಕೆ ಮೂತ್ರ ಏರದಂತೆ ನಮ್ಮ ಶರೀರದಲ್ಲಿ ಒಂದು ತಡೆ ಇದೆ. ನಳಿಗೆ ಆ ತಡೆಯನ್ನು ತೆರೆದಿಟ್ಟಿರುವುದರಿಂದ ಮೂತ್ರ ಮಾಡುವಾಗಿನ ಒತ್ತಡ ನೇರ ಕಿಡ್ನಿಗೇ ತಟ್ಟುತ್ತದೆ. ಪಕ್ಕೆ ಹಿಡಿಯುವುದು ಅದಕ್ಕೇ. ಮೂತ್ರ ಕಟ್ಟಿ ಕೂರಬಾರದು, ತಿಣುಕಬಾರದು. ಕೆಳಗಿನ ಸುರುಳಿ ಮೂತ್ರಕೋಶದ ಗೋಡೆಗೆ ಉಜ್ಜುವುದರಿಂದ ಪದೇಪದೇ ಹೋಗಬೇಕೆನಿಸುತ್ತದೆ. ಬೈಕಿನ ಕುಲುಕಾಟಕ್ಕೆ ಒಂದಿಷ್ಟು ರಕ್ತವೂ ಬರುತ್ತದೆ. ನೀರು ಕುಡಿದು ಒಂದು ದಿನ ಸುಮ್ಮನಿದ್ದರೆ ತಿಳಿಯಾಗುತ್ತದೆ. ಟಾಮ್ಸುಲೋಸಿನ್ ಮಾತ್ರೆ ಕೊಟ್ಟಿದ್ದರೆ ರಾತ್ರಿ ಊಟವಾದ ಮೇಲೆ ತೆಗೆದುಕೊಳ್ಳಲಿ. ಅದನ್ನು ನುಂಗಿದವರು ಹಾಸಿಗೆಯಿಂದ ದಡಕ್ಕನೆ ಎದ್ದರೆ ತಲೆ ಸುತ್ತುತ್ತದೆ. ಚಳಿ ಜ್ವರ, ಮೂತ್ರವೇ ನಿಂತುಹೋಗುವುದು, ಗಡ್ಡೆಗಟ್ಟಿದ ರಕ್ತ ಇವು ಮಾತ್ರ ಕಾಯುವಂಥವಲ್ಲ. ರಾತ್ರಿಯಾದರೂ ಸರಿ, ಹೊರಡಿ.

ನೀವು ಕೇಳದೇ ಇದ್ದ ಒಂದು ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು: ಸ್ಟೆಂಟ್ ತೆಗೆಸುವ ದಿನ ಯಾವುದು? ಸಾಮಾನ್ಯವಾಗಿ 2ರಿಂದ 4 ವಾರ, ಎಷ್ಟೇ ಆದರೂ 3 ತಿಂಗಳು ಮೀರಬಾರದು. ಮೊದಲ ದಿನಗಳ ನೋವು ಕಡಿಮೆಯಾದೊಡನೆ ‘ವಾಸಿಯಾಯಿತು’ ಎಂದು ಮರೆತವರ ಒಳಗೆ ಆ ನಳಿಗೆಯ ಮೇಲೇ ಕಲ್ಲು ಕಟ್ಟುತ್ತದೆ. ಸುರುಳಿ ಬಿಚ್ಚಿಕೊಳ್ಳುವುದಿಲ್ಲ, ಐದು ನಿಮಿಷದಲ್ಲಿ ಎಳೆಯಬಹುದಾಗಿದ್ದ ವಸ್ತುವಿಗೆ ಎರಡು ಮೂರು ಆಪರೇಷನ್ ಬೇಕಾಗುತ್ತದೆ. ಕಿಡ್ನಿಯನ್ನೇ ಕಳೆದುಕೊಂಡವರೂ ಇದ್ದಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಇಂಗ್ಲಿಷಿನ ಅರ್ಧ ಸಾಲಿನಲ್ಲಿ ಈ ವಿಷಯ ಮುಗಿದಿರುತ್ತದೆ, ಓದುವವರು ಯಾರು? ಗೋಡೆಯ ಕ್ಯಾಲೆಂಡರಿನಲ್ಲಿ ದಿನಾಂಕಕ್ಕೆ ಸುತ್ತು ಹಾಕಿ. ಸರ್ಕಾರಿ ಕಾರ್ಡಿನ ಮೇಲೆ ಆಪರೇಷನ್ ಆಗಿದ್ದರೆ ತೆಗೆಯುವ ಖರ್ಚು ಅದರಲ್ಲೇ ಸೇರಿದೆಯೇ ಎಂದು ಈಗಲೇ ವಿಚಾರಿಸಿ. ದುಡ್ಡಿನ ಯೋಚನೆಯಿಂದ ಮುಂದೂಡುವುದೇ ಹೆಚ್ಚು.

ತೆಗೆಯುವುದು ಸುಲಭ. ಮೂತ್ರದ್ವಾರಕ್ಕೆ ಮರಗಟ್ಟಿಸುವ ಜೆಲ್ಲಿ ಹಾಕಿ, ಸಣ್ಣ ದುರ್ಬೀನು ತೂರಿಸಿ, ಇಕ್ಕಳದಲ್ಲಿ ತುದಿ ಹಿಡಿದು ಎಳೆಯುತ್ತಾರೆ. ಅಂದೇ ಮನೆಗೆ. ಕೆಲವರಿಗೆ ದಾರವೊಂದು ಹೊರಗೆ ಕಾಣುವಂತೆ ಬಿಟ್ಟಿರುತ್ತಾರೆ, ಅದನ್ನು ಮನೆಯಲ್ಲಿ ಎಳೆಯುವ ಹಾಗಿಲ್ಲ.

ಬಾಳೆದಿಂಡು ತಿನ್ನಲಿ, ತೊಂದರೆಯಿಲ್ಲ. ಆದರೆ ಸ್ಟೆಂಟ್ ಅದರಿಂದ ಕರಗುವುದಿಲ್ಲ, ನೀರಿನ ಜಾಗವನ್ನೂ ಅದು ತುಂಬುವುದಿಲ್ಲ. ಎಷ್ಟು ನೀರು ಕುಡಿದ ಎನ್ನುವುದಕ್ಕಿಂತ ಎಷ್ಟು ಮೂತ್ರ ಹೋಯಿತು ಎಂದು ನೋಡಿ: ದಿನಕ್ಕೆ 2ರಿಂದ ಎರಡೂವರೆ ಲೀಟರ್ ಹೋಗಬೇಕು. ನಿಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಕುಡಿದ ನೀರಿನ ದೊಡ್ಡ ಪಾಲು ಬೆವರಾಗಿ ಹೋಗುತ್ತದೆ. ಒಂದು ದಿನ ಹಳೆಯ ಬಾಟಲಿಯಲ್ಲಿ ಅಳೆದು ನೋಡಿದರೆ ಅಂದಾಜು ಸಿಗುತ್ತದೆ. ಉಪ್ಪು, ಉಪ್ಪಿನಕಾಯಿ, ಹಪ್ಪಳ ಕಡಿಮೆಯಾಗಲಿ. ಹಾಲು-ಮೊಸರು ಬಿಡಬೇಕಿಲ್ಲ, ಊಟದ ಜೊತೆಗಿನ ಕ್ಯಾಲ್ಸಿಯಂ ಕಲ್ಲು ಕಟ್ಟುವ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದಿಡುತ್ತದೆ.

ಪ್ರಶ್ನೆ: ಎಂಟು ತಿಂಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ. ಈಗ ದವಡೆ ಹಲ್ಲು ಕೀಳಿಸಬೇಕು. ‘ರಕ್ತ ತೆಳು ಮಾಡುವ ಮಾತ್ರೆ ಐದು ದಿನ ನಿಲ್ಲಿಸು’ ಎಂದು ಪರಿಚಯದವರು ಹೇಳುತ್ತಾರೆ.
— ನಿವೃತ್ತ ಶಿಕ್ಷಕರು, ಹಾಸನ

ಖಂಡಿತ ನಿಲ್ಲಿಸಬೇಡಿ. ಹೃದಯಾಘಾತದ ನಂತರ ಸಾಮಾನ್ಯವಾಗಿ 12 ತಿಂಗಳು ಎರಡು ಮಾತ್ರೆ ಇರುತ್ತವೆ: ಆಸ್ಪಿರಿನ್, ಅದರ ಜೊತೆ ಕ್ಲೊಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್. ಒಳಗಿನ ಲೋಹದ ಬಲೆಯ ಮೇಲೆ ರಕ್ತನಾಳದ ತೆಳು ಒಳಪದರ ಪೂರ್ತಿ ಬೆಳೆಯುವ ತನಕ ಅಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇದ್ದೇ ಇರುತ್ತದೆ. ಹೆಪ್ಪುಗಟ್ಟಿದರೆ ಆಗುವುದು ಇನ್ನೊಂದು ಹೃದಯಾಘಾತ. ಹಲ್ಲಿನ ಕುಳಿಯ ರಕ್ತವನ್ನಾದರೋ ಹತ್ತಿ ಒತ್ತಿ ಹಿಡಿದು, ಒಂದು ಹೊಲಿಗೆ ಹಾಕಿ ನಿಲ್ಲಿಸಬಹುದು.

ದಂತವೈದ್ಯರಿಗೆ ಮಾತ್ರೆಗಳ ಹೆಸರು, ಸ್ಟೆಂಟ್ ಹಾಕಿದ ದಿನಾಂಕ ತೋರಿಸಿ. ಅವರು ಬೇಕಿದ್ದರೆ ನಿಮ್ಮ ಹೃದಯ ತಜ್ಞರ ಜೊತೆ ಮಾತಾಡಲಿ. ಬೆಳಗಿನ ಹೊತ್ತನ್ನೇ ಕೇಳಿ, ಶನಿವಾರ ಸಂಜೆ ಬೇಡ. ಮನೆಗೆ ಬಂದ ಮೇಲೆ ಮತ್ತೆ ರಕ್ತ ಒಸರಿದರೆ ನೋಡುವವರು ಇರಬೇಕಲ್ಲ. ಹತ್ತಿಯನ್ನು ಅರ್ಧ ಗಂಟೆ ಕಚ್ಚಿ ಹಿಡಿಯಿರಿ, ಐದು ನಿಮಿಷಕ್ಕೊಮ್ಮೆ ತೆಗೆದು ನೋಡುವ ಕುತೂಹಲ ಬೇಡ. ಅಂದು ಬಾಯಿ ಮುಕ್ಕಳಿಸಬಾರದು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೇನ್ ಆಸ್ಪಿರಿನ್ ಜೊತೆ ಸೇರಿದರೆ ರಕ್ತಸ್ರಾವ ಹೆಚ್ಚಿಸುತ್ತದೆ, ಆಸ್ಪಿರಿನ್ ಕೆಲಸವನ್ನೂ ತಡೆಯುತ್ತದೆ.

ಹಾಗೇ ಫೈಲಿನಲ್ಲಿ ಸ್ಟೆಂಟಿನ ಸ್ಟಿಕ್ಕರ್ ಇದೆಯೇ ನೋಡಿ. ಕಂಪನಿ, ಅಳತೆ, ಬ್ಯಾಚ್ ಸಂಖ್ಯೆ ಎಲ್ಲ ಅದರಲ್ಲಿರುತ್ತದೆ. 2017ರ ಫೆಬ್ರವರಿಯಿಂದ ಸ್ಟೆಂಟಿಗೆ ಸರ್ಕಾರ ಗರಿಷ್ಠ ಬೆಲೆ ಕಟ್ಟಿದೆ. ಬಿಲ್ಲಿನಲ್ಲಿ ಅದರ ಬೆಲೆಯನ್ನು ಬೇರೆಯಾಗಿಯೇ ತೋರಿಸಬೇಕು.

ಪ್ರಶ್ನೆ: ಅಪ್ಪನಿಗೆ 72 ವರ್ಷ, ಮುಂದಿನ ವಾರ ಕಣ್ಣಿನ ಪೊರೆ ಆಪರೇಷನ್. ಮುಂಚೆ, ಆಮೇಲೆ ಏನು ಜಾಗ್ರತೆ ಮಾಡಬೇಕು?
— ಓದುಗರು, ಮಂಡ್ಯ

ಮುಂಚೆ ಒಂದೇ ಮಾತು: ಪ್ರಾಸ್ಟೇಟ್ ತೊಂದರೆಗೆ ಟಾಮ್ಸುಲೋಸಿನ್ ನುಂಗುತ್ತಿದ್ದರೆ, ಎಂದೋ ನುಂಗಿ ಬಿಟ್ಟಿದ್ದರೂ, ಕಣ್ಣಿನ ವೈದ್ಯರಿಗೆ ಹೇಳಲೇಬೇಕು. ಮೇಲೆ ಕಲ್ಲಿನ ವಿಷಯದಲ್ಲಿ ಬಂದ ಮಾತ್ರೆಯೇ ಇದು. ಇದರಿಂದ ಪಾಪೆಯ ಸುತ್ತಲಿನ ಬಣ್ಣದ ಪರದೆ ಜೋಲು ಬಟ್ಟೆಯಂತಾಗಿ ಆಪರೇಷನ್ ನಡುವೆ ಉಪಕರಣಕ್ಕೆ ಅಡ್ಡ ಬರುತ್ತದೆ. ಮೊದಲೇ ಗೊತ್ತಿದ್ದರೆ ಅವರು ತಯಾರಿರುತ್ತಾರೆ. ಈಗ ನಿಲ್ಲಿಸಿ ಉಪಯೋಗವಿಲ್ಲ.

ಆಮೇಲಿನ ಕೆಲಸವೆಲ್ಲ ಡ್ರಾಪ್ಸಿನದು. ಕೈ ತೊಳೆದು, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು, ಆ ಜೇಬಿನೊಳಗೆ ಒಂದೇ ಹನಿ. ಕಣ್ಣಲ್ಲಿ ಒಂದು ಹನಿಗೇ ಪೂರ್ತಿ ಜಾಗವಿಲ್ಲ, ಎರಡನೆಯದು ಕೆನ್ನೆಯ ಪಾಲು. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದು ನಿಮಿಷ ಬೆರಳಿನಿಂದ ಹಗುರವಾಗಿ ಅದುಮಿ. ಎರಡು ಬಗೆಯ ಡ್ರಾಪ್ಸ್ ನಡುವೆ 5 ನಿಮಿಷ ಬಿಡಬೇಕು, ಇಲ್ಲವಾದರೆ ಹಿಂದಿನದನ್ನು ಮುಂದಿನದು ತೊಳೆದುಹಾಕುತ್ತದೆ. ಸ್ಟೀರಾಯ್ಡ್ ಡ್ರಾಪ್ಸನ್ನು ವಾರವಾರಕ್ಕೆ ಇಳಿಸುತ್ತ ಬರುತ್ತಾರೆ. ಕಣ್ಣು ಬೆಳ್ಳಗಾಯಿತೆಂದು ನಡುವೆ ನಿಲ್ಲಿಸಿದರೆ ಉರಿಯೂತ ಮರಳುತ್ತದೆ. ಸುಮಾರು ಹತ್ತು ದಿನ ತಲೆಗೆ ನೀರು ಹಾಕುವಾಗ ಕಣ್ಣಿಗೆ ಬೀಳಬಾರದು. ಗದ್ದೆಯ ಧೂಳು, ಒಲೆಯ ಹೊಗೆ ಬೇಡ.

ಮೊದಲ ಎರಡು ವಾರದಲ್ಲಿ ನೋವು ಏರುತ್ತ ಹೋದರೆ, ಕಣ್ಣು ಕೆಂಪಾಗಿ ದೃಷ್ಟಿ ಮಂಜಾದರೆ ಅದೇ ದಿನ ತೋರಿಸಿ. ಒಳಗಿನ ಸೋಂಕಿಗೆ ಗಂಟೆಗಳ ಲೆಕ್ಕ. ಆದರೆ ಎಷ್ಟೋ ತಿಂಗಳು, ವರ್ಷ ಕಳೆದ ಮೇಲೆ ನಿಧಾನಕ್ಕೆ ಮಬ್ಬಾದರೆ ಅದು ಪೊರೆ ಮತ್ತೆ ಬಂದದ್ದಲ್ಲ, ಆಪರೇಷನ್ನಿನಲ್ಲಿ ಕೂರಿಸಿದ ಮಸೂರದ ಹಿಂದೆ ಉಳಿಸಿದ ಚೀಲ ಮಸುಕಾದದ್ದು. ಯಾಗ್ ಲೇಸರಿನಲ್ಲಿ, ಕೊಯ್ಯದೆ, ಕೆಲವೇ ನಿಮಿಷದಲ್ಲಿ ಸರಿಮಾಡುತ್ತಾರೆ.

ಪ್ರಶ್ನೆ: ಲ್ಯಾಪ್ರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆದರು. ಹೊಟ್ಟೆಗಿಂತ ಬಲಭುಜವೇ ಹೆಚ್ಚು ನೋಯುತ್ತಿದೆ!
— ಓದುಗರು, ಉಡುಪಿ

ಆಪರೇಷನ್ ಹೊತ್ತಿಗೆ ಹೊಟ್ಟೆಗೆ ತುಂಬಿದ ಇಂಗಾಲದ ಡೈ ಆಕ್ಸೈಡ್ ಅನಿಲದ ಉಳಿಕೆ ವಪೆಯನ್ನು, ಅಂದರೆ ಎದೆ-ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯನ್ನು, ಕೆರಳಿಸುತ್ತದೆ. ವಪೆಯ ನರ ಮತ್ತು ಭುಜದ ನರ ಕತ್ತಿನಲ್ಲಿ ಒಂದೇ ಕಡೆ ಹುಟ್ಟುವುದರಿಂದ ನೋವು ಭುಜದ್ದು ಅನ್ನಿಸುತ್ತದೆ. ಎರಡು ಮೂರು ದಿನದಲ್ಲಿ ಹೋಗುತ್ತದೆ, ಓಡಾಡಿದರೆ ಬೇಗ. ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಜ್ವರ, ದಿನದಿಂದ ದಿನಕ್ಕೆ ಏರುವ ಹೊಟ್ಟೆನೋವು ಇದ್ದರೆ ಹಿಂದಿರುಗಿ. ತೆಗೆದ ಪಿತ್ತಕೋಶವನ್ನು ಬಯಾಪ್ಸಿಗೆ ಕಳಿಸಿರುತ್ತಾರೆ, ವರದಿ ಬರುವುದು ನೀವು ಮನೆಗೆ ಬಂದ ಎಷ್ಟೋ ದಿನದ ಮೇಲೆ. ಹೊಲಿಗೆ ತೋರಿಸಲು ಹೋದಾಗ ಅದನ್ನು ಕೇಳಿ ಪಡೆಯಿರಿ. ಅಪರೂಪಕ್ಕೆ ಅದರಲ್ಲಿ ಕ್ಯಾನ್ಸರ್ ಸಿಗುವುದುಂಟು. ವರದಿ ಕಪಾಟಿನಲ್ಲೇ ಉಳಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಪ್ರಶ್ನೆ: ಬೇರೆ ಆಸ್ಪತ್ರೆಗೆ ತೋರಿಸಲು ಹಳೆಯ ದಾಖಲೆ ಕೇಳಿದರೆ ಕೊಡಲೇಬೇಕೆಂಬ ನಿಯಮವಿದೆಯೇ? ಯಾವುದನ್ನು ಇಟ್ಟುಕೊಳ್ಳಬೇಕು?
— ಓದುಗರು, ಮಂಗಳೂರು

ಇದೆ. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದಾಗಿನಿಂದ 3 ವರ್ಷ ಇಟ್ಟಿರಬೇಕು, ರೋಗಿ ಅಥವಾ ಅವರು ಒಪ್ಪಿದವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬಾಯಲ್ಲಿ ಕೇಳಬೇಡಿ. ರೋಗಿಯ ಹೆಸರು, ಆಸ್ಪತ್ರೆ ಸಂಖ್ಯೆ, ದಾಖಲಾದ ದಿನಾಂಕ ಬರೆದು ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ.

ಡಿಸ್ಚಾರ್ಜ್ ಚೀಟಿ, ಆಪರೇಷನ್ ಟಿಪ್ಪಣಿ, ಬಯಾಪ್ಸಿ ವರದಿ, ಸ್ಟೆಂಟ್ ಅಥವಾ ಮಸೂರದ ಸ್ಟಿಕ್ಕರ್ ಇಷ್ಟನ್ನು ಎಂದೂ ಎಸೆಯಬೇಡಿ. ಸ್ಕ್ಯಾನ್ ಫಿಲ್ಮಿಗಿಂತ ಸಿ.ಡಿ. ಉಪಯುಕ್ತ, ಅದರಲ್ಲಿ ಎಲ್ಲ ಚಿತ್ರಗಳೂ ಇರುತ್ತವೆ. ಇಸಿಜಿ ಕಾಗದ ಬಸ್ ಟಿಕೆಟ್ಟಿನ ಜಾತಿಯದು, ಬಿಸಿಗೆ ಅಚ್ಚು ಮೂಡುವಂಥದ್ದು, ಒಂದೆರಡು ವರ್ಷದಲ್ಲಿ ಮಾಸಿಹೋಗುತ್ತದೆ. ಬಂದ ದಿನವೇ ಜೆರಾಕ್ಸ್ ಮಾಡಿಸಿ. ಜೋಪಾನ ಮಾಡುತ್ತೇನೆಂದು ಲ್ಯಾಮಿನೇಶನ್‌ಗೆ ಮಾತ್ರ ಕೊಡಬೇಡಿ, ಆ ಯಂತ್ರದ ಶಾಖಕ್ಕೆ ಇಡೀ ಕಾಗದ ಕಪ್ಪಾಗಿ ಹೊರಬರುತ್ತದೆ.